ಸೊಳ್ಳೆಯ ಕೊಬ್ಬಿಗೆ ಎಷ್ಟು ಪಾಲುದಾರರು?

ಅಷ್ಟು ಸಣ್ಣ ಸೊಳ್ಳೆಯ ಮೈಯಲ್ಲೂ ಕೊಬ್ಬಿದೆ ಎಂದರೆ ನಂಬೋದು ಕಷ್ಟ, ಅಲ್ವಾ? ಅದರ ಹೊಟ್ಟೆಯ ಒಳಬದಿಗೆ ಅಂಟಿಕೊಂಡಂತೆ ಒಂದು ಮೆತ್ತನೆಯ ಪದರ ಇರುತ್ತದೆ. ಅದೇ ಕೊಬ್ಬಿನಂಗ. ಹೆಸರು ಕೇಳಿ ಸುಮ್ನೆ ಕೊಬ್ಬಿನ ಚೀಲ ಎಂದುಕೊಳ್ಳಬೇಡಿ. ನಮ್ಮ ಲಿವರ್ ಮಾಡುವ ಎಷ್ಟೋ ಕೆಲಸಗಳನ್ನು ಸೊಳ್ಳೆಯಲ್ಲಿ ಇದೇ ಮಾಡುತ್ತದೆ. ಒಳನುಗ್ಗಿದ ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಡಿಫೆನ್ಸಿನ್, ಸೆಕ್ರೊಪಿನ್‌ನಂಥ ಅಸ್ತ್ರಗಳೂ ಇಲ್ಲೇ ತಯಾರಾಗುತ್ತವೆ.

ಹೆಣ್ಣು ಸೊಳ್ಳೆ ರಕ್ತ ಹೀರುವುದು ಮುಖ್ಯವಾಗಿ ಮೊಟ್ಟೆಗಾಗಿ. ಹೀರಿದ ಕೆಲವೇ ಗಂಟೆಗಳಲ್ಲಿ ಕೊಬ್ಬಿನಂಗ ಎರಡು ಪ್ರೋಟೀನುಗಳನ್ನು ಜಾಸ್ತಿ ಮಾಡುತ್ತದೆ. ಒಂದು ಲಿಪೊಫೋರಿನ್, ಅಂದರೆ ಕೊಬ್ಬನ್ನು ಹೊತ್ತು ಅಂಡಾಶಯಕ್ಕೆ ಮುಟ್ಟಿಸುವ ಗಾಡಿ. ಇನ್ನೊಂದು ವಿಟೆಲೊಜೆನಿನ್. ಮೊಟ್ಟೆಯೊಳಗಿನ ಮರಿಗೆ ಇದೇ ಬುತ್ತಿ.

ಹೀರಿದ್ದು ಮಲೇರಿಯಾ ರೋಗಿಯ ರಕ್ತವಾಗಿದ್ದರೆ? ಜೊತೆಗೆ ಮಲೇರಿಯಾದ ರೋಗಾಣು ಪ್ಲಾಸ್ಮೋಡಿಯಂ ಕೂಡ ಬಂದಿರುತ್ತದೆ. ಸುಮಾರು ಒಂದು ದಿನದ ಹೊತ್ತಿಗೆ ಅದು ಕರುಳಿನ ಗೋಡೆ ದಾಟಿ ಹೊರಬದಿಗೆ ಬರುತ್ತದೆ. ಅಲ್ಲಿ ಟಿಇಪಿ-1 ಎಂಬ ಪ್ರೋಟೀನು ಕಾದಿರುತ್ತದೆ. ಅದು ಚೆನ್ನಾಗಿ ಅಂಟಿಕೊಂಡರೆ ರೋಗಾಣು ಸಾಯುತ್ತದೆ. ಆದರೆ ಮೊಟ್ಟೆಯ ಕೆಲಸ ಭರದಿಂದ ಸಾಗುವುದೂ ಅದೇ ಹೊತ್ತಿನಲ್ಲಿ!

ಮಲೇರಿಯಾ ಹರಡುವ ಅನಾಫಿಲಿಸ್ ಗ್ಯಾಂಬಿಯೆ ಸೊಳ್ಳೆಗಳಲ್ಲಿ ಇಲಿಯ ಮಲೇರಿಯಾ ಬಳಸಿ ಮಾಡಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ವಿಟೆಲೊಜೆನಿನ್ ಜೀನನ್ನು ಅಡಗಿಸಿದಾಗ ಟಿಇಪಿ-1 ರೋಗಾಣುಗಳಿಗೆ ಇನ್ನೂ ಚೆನ್ನಾಗಿ ಅಂಟಿಕೊಂಡಿತು. ಲಿಪೊಫೋರಿನ್ ಅಡಗಿಸಿದರೂ ರೋಗಾಣು ಕಡಿಮೆಯಾಯಿತು. ಅಂದರೆ ಮೊಟ್ಟೆಗೆಂದು ಹರಿಯುವ ಸರಕೇ ರೋಗಾಣುವಿಗೆ ಮರೆಯಾಗುತ್ತಿತ್ತು. ಇದರ ಇನ್ನೊಂದು ಮುಖವೂ ಅಲ್ಲಿ ಕಂಡಿತು. ಸೋಂಕಿನ ಸುಳಿವು ಸಿಕ್ಕಾಗ ಸೊಳ್ಳೆಯ ರಕ್ಷಣಾ ವ್ಯವಸ್ಥೆ ವಿಟೆಲೊಜೆನಿನ್ ತಯಾರಿಕೆಯನ್ನು ತಗ್ಗಿಸುತ್ತದೆ. ಮರಿಗಳೋ, ತನ್ನ ರಕ್ಷಣೆಯೋ ಎಂಬ ಎಳೆದಾಟ ಇಷ್ಟು ಪುಟ್ಟ ಜೀವಿಯೊಳಗೂ ನಡೆಯುತ್ತದೆ ಎನ್ನುವುದು ನನ್ನನ್ನು ಬಹಳ ಕಾಡಿದ ಸಂಗತಿ.

ಹಾಗಂತ ಕೊಬ್ಬು ಯಾವಾಗಲೂ ರಕ್ಷಣೆಗೆ ಅಡ್ಡಿ ಎಂದಲ್ಲ. ನಮಗೆ ಜ್ವರ ಬರಿಸುವ ಪ್ರೊಸ್ಟಾಗ್ಲಾಂಡಿನ್ ಗೊತ್ತಲ್ಲ, ಅದು ಕೊಬ್ಬಿನಾಮ್ಲದಿಂದಲೇ ಆಗುವಂಥದ್ದು. ಪ್ಲಾಸ್ಮೋಡಿಯಂ ಕರುಳಿಗೆ ಲಗ್ಗೆ ಹಾಕಿದಾಗ ಸೊಳ್ಳೆಯೂ ಅದನ್ನು ತಯಾರಿಸಿ ತನ್ನ ರಕ್ತಕಣಗಳನ್ನು ಅಲ್ಲಿಗೆ ಕರೆಸಿಕೊಳ್ಳುತ್ತದೆ.

ತಪ್ಪಿಸಿಕೊಂಡ ರೋಗಾಣುವಿಗೂ ಕೊಬ್ಬು ಬೇಕೇ ಬೇಕು. ಕರುಳಿನ ಹೊರಗೋಡೆಗೆ ಕಚ್ಚಿಕೊಂಡು, ಗಂಟಾಗಿ ದಿನಗಟ್ಟಲೆ ಬೆಳೆದು, ಒಂದೊಂದು ಗಂಟಿನಿಂದಲೂ ಸಾವಿರಾರು ಮರಿ ರೋಗಾಣುಗಳನ್ನು ಹೊರಬಿಡಬೇಕಲ್ಲ! ಸೊಳ್ಳೆಯೊಳಗಿನ ಕೊಬ್ಬಿನ ಸಾಗಾಟಕ್ಕೆ ತಡೆಹಾಕಿ ನೋಡಿದ ಪ್ರಯೋಗವೂ ಇದೆ. ಕೊಬ್ಬು ಸಾಲದೆ ಬೆಳೆದ ಆ ಮರಿ ರೋಗಾಣುಗಳಿಗೆ ಮುಂದೆ ಇಲಿಗೆ ರೋಗ ಹತ್ತಿಸುವ ಶಕ್ತಿಯೇ ಕುಗ್ಗಿತ್ತು.