ಅಡಿಕೆ ಕೊಳೆ: ಕೊಟ್ಟೆಯಿಂದ ಬೋರ್ಡೋವರೆಗೆ

ಆಷಾಢದಲ್ಲಿ ವಾರಗಟ್ಟಲೆ ಮಳೆ ಸುರಿದು, ನಡುವೆ ಒಂದಿಷ್ಟು ಬಿಸಿಲು ಬಿತ್ತು ಅಂದರೆ ಅಡಿಕೆ ಬೆಳೆಗಾರರ ಕಣ್ಣು ಮರದ ಬುಡಕ್ಕೆ ಹೋಗುತ್ತದೆ. ಎಳೆಕಾಯಿ ಉದುರಿದೆಯಾ? ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಕಲೆ ಇದೆಯಾ? ಕೆಲವು ದಿನ ಬಿಟ್ಟು ನೋಡಿದರೆ ಅದೇ ಕಾಯಿಯ ಮೇಲೆ ಬಿಳಿ ಬೂಸ್ಟು. ಮಲೆನಾಡಿನಲ್ಲಿ ಇದು ಕೊಳೆ. ದಕ್ಷಿಣ ಕನ್ನಡ, ಕಾಸರಗೋಡಿನ ಕಡೆ ಮಹಾಳಿ.

ಔಷಧಿ ಇಲ್ಲದ ಕಾಲದಲ್ಲಿ ಹಿರಿಯರು ಕೈಕಟ್ಟಿ ಕೂತಿರಲಿಲ್ಲ. ಮಳೆ ಹಿಡಿಯುವ ಮುಂಚೆ ಮರ ಹತ್ತಿ ಅಡಿಕೆ ಕೊನೆಗೆ, ಅಂದರೆ ಗೊನೆಗೆ, ಕೊಟ್ಟೆ ಕಟ್ಟುತ್ತಿದ್ದರು. ಹಾಳೆಯದ್ದೋ ಹುಲ್ಲಿನದ್ದೋ ಒಂದು ಹೊದಿಕೆ ಅದು. ಪ್ರತಿ ಮರ, ಪ್ರತಿ ಕೊನೆ. ಎಷ್ಟು ಕಷ್ಟದ ಕೆಲಸ ಅಂತ ಯೋಚಿಸಿ. ರೋಗಕ್ಕೆ ಏನು ಕಾರಣ ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಕಾಯಿಗೆ ನೀರು ತಾಗದಿದ್ದರೆ ಕೊಳೆ ಬರುವುದಿಲ್ಲ ಅನ್ನೋದು ಗೊತ್ತಿತ್ತು. ಆ ಅಂದಾಜು ಪೂರ್ತಿ ಸರಿಯಾಗಿತ್ತು.

ಯಾಕೆ ಸರಿ ಅಂತ ತೋರಿಸಿಕೊಟ್ಟ ಕೆಲಸ ಶುರುವಾದದ್ದು 20ನೇ ಶತಮಾನದ ಮೊದಲ ದಶಕದಲ್ಲಿ. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ವಿಜ್ಞಾನಿಯಾಗಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಮುಂದೆ ಇಲ್ಲಿನ ಕೃಷಿ ಇಲಾಖೆಯ ನಿರ್ದೇಶಕರೂ ಆದರು. ಅಡಿಕೆಯ ಈ ರೋಗದ ಬಗ್ಗೆ 1910ರಲ್ಲಿ ಅವರು ಬರೆದ ವರದಿಯ ಹೆಸರಲ್ಲಿ 'ಕೊಳೆರೋಗ' ಅನ್ನೋ ಕನ್ನಡ ಪದವೇ ಇದೆ. ಈ ಪದ ಅದಕ್ಕೂ ಮುಂಚೆ ವಿಜ್ಞಾನದೊಳಗೆ ಹೋಗಿತ್ತು. 1876ರಲ್ಲಿ ಕಾಫಿ ಎಲೆ ಕೊಳೆಸುವ ಇನ್ನೊಂದು ಶಿಲೀಂಧ್ರಕ್ಕೆ 'ಪೆಲ್ಲಿಕ್ಯುಲೇರಿಯಾ ಕೊಳೆರೋಗ' ಅಂತಲೇ ಹೆಸರಿಟ್ಟಿದ್ದರು. ನಮ್ಮ ರೈತರ ಮಾತು ಹಾಗೇ ಲ್ಯಾಟಿನ್ ಹೆಸರಾಯಿತು ಅನ್ನೋದು ನನಗೆ ಬಹಳ ಇಷ್ಟದ ಸಂಗತಿ.

ಕೋಲ್ಮನ್ ಅಡಿಕೆಯಲ್ಲಿ ಕಂಡದ್ದು ಫೈಟಾಫ್ತೊರಾ ಕುಲದ ಜೀವಿಯನ್ನು. ಹೆಸರಿನ ಅರ್ಥ 'ಗಿಡ ನಾಶಕ'. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಕೊಳೆಸಿದ್ದು ಇದೇ ಕುಲದ ಇನ್ನೊಂದು ಜೀವಿ. ಆಗಿನ ಬರಗಾಲದಲ್ಲಿ ಸುಮಾರು 10 ಲಕ್ಷ ಜನ ಸತ್ತರು.

ಇದು ಕಾಯಿಯ ಒಳಗೆ ಹೋಗುವ ರೀತಿ ನೋಡಿ. ರೋಗ ಬಂದ ಕಾಯಿಯ ಬಿಳಿ ಬೂಸ್ಟಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಚೀಲಗಳಿರುತ್ತವೆ. ಮಳೆ ಹನಿ ಸಿಡಿದಾಗ, ಗಾಳಿ ಬೀಸಿದಾಗ ಅವು ಪಕ್ಕದ ಕೊನೆಗೆ ಹಾರುತ್ತವೆ. ಅಲ್ಲಿ ನೀರಿನ ಪಸೆ ಇದ್ದರೆ ಚೀಲ ಒಡೆದು ಬೀಜಕಣಗಳು ಹೊರಗೆ ಬರುತ್ತವೆ. ಒಂದೊಂದಕ್ಕೂ ಎರಡು ಬಾಲ. ಕಾಯಿಯ ಮೇಲಿನ ತೆಳು ನೀರಿನಲ್ಲಿ ಅವು ಈಜುತ್ತವೆ. ಗಿಡದಿಂದ ಜಿನುಗುವ ರಸದ ಜಾಡು ಹಿಡಿದು, ಜಾಗ ಸಿಕ್ಕಾಗ ಬಾಲ ಕಳಚಿ, ಗಟ್ಟಿ ಕವಚ ಕಟ್ಟಿಕೊಂಡು ಅಂಟಿ ಕೂರುತ್ತವೆ. ಆಮೇಲೆ ಒಂದು ಸಣ್ಣ ಕೊಳವೆ ಮೊಳೆತು ಸಿಪ್ಪೆಯ ಒಳಗೆ ನುಗ್ಗುತ್ತದೆ. ಒಳಗೆ ನೂಲಿನಂಥ ಎಳೆಗಳು ಹರಡಿ, ಕಿಣ್ವ ಬಿಟ್ಟು ಕೋಶದ ಗೋಡೆ ಕರಗಿಸಿ ತಿನ್ನುತ್ತವೆ. ತೊಟ್ಟು ಕೊಳೆತು ಕಾಯಿ ಉದುರುತ್ತದೆ. ನಮಗೆ ಕಾಣುವುದು ಈ ಕೊನೆಯ ಹಂತ ಮಾತ್ರ. ಅಷ್ಟರಲ್ಲಿ ಹೊಸ ಬೂಸ್ಟು ಬಂದು, ಇನ್ನೊಂದು ಸುತ್ತು ಶುರುವಾಗಿರುತ್ತದೆ.

ನೀರಿಲ್ಲದಿದ್ದರೆ ಈಜು ಇಲ್ಲ. ಕೊಟ್ಟೆ ಕೆಲಸ ಮಾಡಿದ್ದು ಅದಕ್ಕೇ.

ಈಗ ಕೊಳೆ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ ಬಂದದ್ದು ಫ್ರಾನ್ಸಿನ ದ್ರಾಕ್ಷಿ ತೋಟದಿಂದ. ದಾರಿಹೋಕರು ಹಣ್ಣು ಕೀಳಬಾರದು ಅಂತ ಅಲ್ಲಿನ ರೈತರು ರಸ್ತೆ ಬದಿಯ ಬಳ್ಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಬೂಜು ರೋಗ ಬಂದಿಲ್ಲ ಅಂತ ಗಮನಿಸಿದ ಸಸ್ಯವಿಜ್ಞಾನಿ ಮಿಲಾರ್ಡೆ, 1885ರಲ್ಲಿ ಇದನ್ನು ಔಷಧಿಯಾಗಿ ಪ್ರಕಟಿಸಿದರು. ಕೋಲ್ಮನ್ ಅದನ್ನು ಅಡಿಕೆಗೆ ತಂದರು. ಇವತ್ತಿಗೂ ಲೆಕ್ಕ ಸುಲಭ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆಗೆ ತೊಳೆದು ಹೋಗದಿರಲಿ ಅಂತ ರಾಳವನ್ನೂ ಸೇರಿಸುತ್ತಾರೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಬೋರ್ಡೋ ರೋಗ ವಾಸಿ ಮಾಡುವ ಔಷಧಿ ಅಲ್ಲ. ಕಾಯಿಯ ಮೇಲೆ ಕೂತ ತಾಮ್ರ, ನೀರಿನ ಪಸೆಯಲ್ಲಿ ಚೂರುಚೂರೇ ಕರಗಿ, ಒಳಗೆ ಹೋಗುವ ಮೊದಲೇ ಬೀಜಕಣವನ್ನು ಕೊಲ್ಲುತ್ತದೆ. ಎಳೆ ಒಳಗೆ ಇಳಿದ ಮೇಲೆ ಅದಕ್ಕೆ ತಾಮ್ರ ಮುಟ್ಟುವುದಿಲ್ಲ. ಹಾಗಾಗಿ ಮೊದಲ ಸಲ ಮಳೆಗೆ ಮುಂಚೆ, ಎರಡನೆಯದು ಸುಮಾರು 40–45 ದಿನಕ್ಕೆ. ಈ ಎರಡನೆಯದೇ ಕಷ್ಟ. ನಡುಮಳೆಗಾಲದಲ್ಲಿ ಕೊನೆ ಒಣಗಲು ಮಳೆ ಬಿಟ್ಟ ಒಂದು ಹೊಳವು ಬೇಕು, ಅದೇ ದಿನ ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರೂ ಸಿಗಬೇಕು. 2018ರಂಥ ಮಳೆಗಾಲದಲ್ಲಿ ಆ ಹೊಳವೇ ಎಷ್ಟೋ ಕಡೆ ಸಿಗಲಿಲ್ಲ.

ಇನ್ನೊಂದು ವಿಷಯ. ನಾವು ಇದನ್ನು ಶಿಲೀಂಧ್ರ ಅಂತಲೇ ಕರೆಯುತ್ತೇವೆ. ಆದರೆ ಇದು ನಿಜವಾದ ಶಿಲೀಂಧ್ರ ಅಲ್ಲ, ವಂಶದಲ್ಲಿ ಕಂದು ಪಾಚಿಗೆ ಹತ್ತಿರ. ಸುಮ್ನೆ ಹೆಸರಿನ ಜಗಳ ಅಂದುಕೊಳ್ಳಬೇಡಿ. ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಾಡುತ್ತಿರುವ ಎಲೆಚುಕ್ಕಿ ರೋಗದ ಮುಖ್ಯ ಕಾರಣ ಕೊಲೆಟೋಟ್ರಿಕಮ್, ಅದು ನಿಜವಾದ ಶಿಲೀಂಧ್ರ. ಅದಕ್ಕೆ ಹೊಡೆಯುವ ಪ್ರೊಪಿಕೊನಜೋಲ್ ಕೊಳೆಗೆ ನಾಟುವುದಿಲ್ಲ. ಕೊಳೆಗೆ ನಾಟುವ ಮೆಟಲಾಕ್ಸಿಲ್ ಎಲೆಚುಕ್ಕಿಗೆ ಉಪಯೋಗವಿಲ್ಲ. ಅಂಗಡಿಯಲ್ಲಿ ಡಬ್ಬಿ ಕೈಗೆ ತೆಗೆದುಕೊಳ್ಳುವಾಗ ಇದು ನೆನಪಿದ್ದರೆ ದುಡ್ಡೂ ಉಳಿಯುತ್ತದೆ, ಬೆಳೆಯೂ ಉಳಿಯುತ್ತದೆ ಅಲ್ವಾ?

ಈಗ ಕೆಲವು ತೋಟಗಳಲ್ಲಿ ಉದ್ದದ ಫೈಬರ್ ದೋಟಿ ಹಿಡಿದು ನೆಲದಿಂದಲೇ ಔಷಧಿ ಹೊಡೆಯುತ್ತಾರೆ. ಜೀವಕ್ಕೆ ಅಪಾಯ ಕಡಿಮೆ, ಒಂದು ಹೊಳವಿನಲ್ಲಿ ಜಾಸ್ತಿ ಮರ ಮುಗಿಯುತ್ತದೆ. ಆದರೆ ಕೊಳೆತು ಒಣಗಿದ ಹಳೇ ಕೊನೆ ಮರದ ತಲೆಯಲ್ಲೇ ಉಳಿದಿದ್ದರೆ, ಮುಂದಿನ ಜೂನ್‌ನ ಮೊದಲ ಮಳೆಗೆ ರೋಗ ಅಲ್ಲಿಂದಲೇ ಇಳಿಯುತ್ತದೆ. ಅದನ್ನು ಬೇಸಿಗೆಯಲ್ಲೇ ಇಳಿಸಿ ಸುಟ್ಟುಬಿಡಬೇಕು.