ರೇಷನ್ ಅಕ್ಕಿ ಇದೆ, ಕೈಯಲ್ಲಿ 4000 ರೂಪಾಯಿ ಇದೆ: ನಾಲ್ಕು ಜನರಿಗೆ ಒಳ್ಳೆಯ ಊಟ ಹೊಂದಿಸುವುದು ಹೇಗೆ?

ಪ್ರಶ್ನೆ: ನಮ್ಮದು ಕೊಪ್ಪಳ. ಮನೆಯಲ್ಲಿ ನಾವಿಬ್ಬರು, ಸರ್ಕಾರಿ ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಬಾಡಿಗೆ, ಸಂಘದ ಸಾಲದ ಕಂತು ಎಲ್ಲ ಹೋಗಿ ಊಟಕ್ಕೆ ತಿಂಗಳಿಗೆ 4000 ರೂಪಾಯಿ ಉಳಿಯುತ್ತದೆ. ರೇಷನ್ ಅಕ್ಕಿ ಬರುತ್ತದೆ, ಹೊಟ್ಟೆ ತುಂಬುತ್ತದೆ. ಆದರೆ ಮಕ್ಕಳು ಸೊರಗಿದ್ದಾರೆ, ನನಗೆ ಸದಾ ಸುಸ್ತು. ಕೊನೆಯ ವಾರ ಬರೀ ಅನ್ನ, ತಿಳಿಸಾರು. ಇಷ್ಟು ದುಡ್ಡಿನಲ್ಲಿ ಮೈಗೆ ಹತ್ತುವ ಊಟ ಮಾಡಲು ಆಗುತ್ತದಾ?

ಆಗುತ್ತದೆ. ಸುಲಭ ಅಂತ ಹೇಳುವುದಿಲ್ಲ, ಆದರೆ ಆಗುತ್ತದೆ.

ಈ ಪ್ರಶ್ನೆ ಕೊಪ್ಪಳದ್ದಷ್ಟೇ ಅಲ್ಲ. ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಮನೆಗಳಲ್ಲೂ ಇದೇ ಚಿಂತೆ. ಅಕ್ಕಿ ಇದೆ, ಅಕ್ಕಿಯ ಜೊತೆ ಹಾಕಿಕೊಳ್ಳಲು ಏನೂ ಇಲ್ಲ. ಅದಕ್ಕೇ ಇಲ್ಲಿ ಹೊಸ ಅಡುಗೆ ಹೇಳಿಕೊಡುವುದಿಲ್ಲ. ನಿಮ್ಮ ಅಡುಗೆ ನಿಮಗೆ ಚೆನ್ನಾಗಿ ಬರುತ್ತದೆ. ದುಡ್ಡು ಮೊದಲು ಯಾವುದಕ್ಕೆ ಹೋಗಬೇಕು ಅನ್ನುವ ಸರದಿ ಮಾತ್ರ ಬದಲಾಗಬೇಕು.

ಬಹಳ ಮನೆಗಳಲ್ಲಿ ಕೈಗೆ ದುಡ್ಡು ಬಂದ ದಿನ ಎಣ್ಣೆ, ಸಕ್ಕರೆ, ಚಹಾಪುಡಿ, ಬಿಸ್ಕೆಟ್ ಮೊದಲು ಬರುತ್ತವೆ. ತೊಗರಿಬೇಳೆ ಒಂದಿಷ್ಟು ಬರುತ್ತದೆ. ಕಾಳು, ಸೊಪ್ಪು, ಮೊಟ್ಟೆ ಮಾತ್ರ ‘ಉಳಿದರೆ ನೋಡೋಣ’ ಅನ್ನುವ ಪಟ್ಟಿಗೆ ಸೇರುತ್ತವೆ. ಉಳಿಯುವುದಿಲ್ಲ. ಇದನ್ನು ತಿರುಗಿಸಿ. ಕಾಳು-ಬೇಳೆ, ಶೇಂಗಾ, ಸೊಪ್ಪು-ತರಕಾರಿ, ಹಾಲು-ಮೊಟ್ಟೆ ಇವುಗಳ ದುಡ್ಡನ್ನು ಮೊದಲು ಎತ್ತಿಡಿ. ಉಳಿದಿದ್ದರಲ್ಲಿ ಸಕ್ಕರೆ, ಚಹಾ. ಇನ್ನೊಂದು ಮಾತು, ತಿಂಗಳ ಲೆಕ್ಕ ಬಿಟ್ಟು ವಾರದ ಲೆಕ್ಕ ಹಿಡಿಯಿರಿ. 4000 ಅಂದರೆ ವಾರಕ್ಕೆ ಸುಮಾರು 930 ರೂಪಾಯಿ. ಪ್ರತಿ ವಾರದ್ದನ್ನು ಬೇರೆ ಬೇರೆ ಕವರಿನಲ್ಲಿ ಇಟ್ಟರೆ ಕೊನೆಯ ವಾರಕ್ಕೂ ಮೊದಲ ವಾರದಷ್ಟೇ ಊಟ ಸಿಗುತ್ತದೆ.

ಒಬ್ಬರಿಗೆ ಎಷ್ಟು ಬೇಕು ಅನ್ನುವುದಕ್ಕೆ ಒಂದು ಅಳತೆ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರದ ಹೊಸ ಮಾರ್ಗಸೂಚಿ ಕೊಟ್ಟಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದ ದೊಡ್ಡವರೊಬ್ಬರಿಗೆ ಧಾನ್ಯ 250 ಗ್ರಾಂ, ಕಾಳು-ಬೇಳೆ ಅಥವಾ ಅದರ ಬದಲಿಗೆ ಮೊಟ್ಟೆ-ಮಾಂಸ 85 ಗ್ರಾಂ, ತರಕಾರಿ-ಸೊಪ್ಪು 400 ಗ್ರಾಂ, ಹಣ್ಣು 100 ಗ್ರಾಂ, ಹಾಲು-ಮೊಸರು 300 ಮಿಲಿ, ಶೇಂಗಾ-ಎಳ್ಳಿನಂಥವು 35 ಗ್ರಾಂ, ಎಣ್ಣೆ 27 ಗ್ರಾಂ. ನಿಜ ಹೇಳಬೇಕೆಂದರೆ ವಾರಕ್ಕೆ 930 ರೂಪಾಯಿಯಲ್ಲಿ ಇದೆಲ್ಲವನ್ನೂ ಮುಟ್ಟಲು ಆಗುವುದಿಲ್ಲ. ತರಕಾರಿ, ಹಣ್ಣು, ಹಾಲು ಕಡಿಮೆ ಬೀಳುತ್ತವೆ. ಆದರೆ ಈಗ ನೀವಿರುವ ಕಡೆಯಿಂದ ಬಹಳ ಮುಂದೆ ಹೋಗಬಹುದು.

ಮೊದಲು ಧಾನ್ಯ, ಯಾಕೆಂದರೆ ಅದರ ಚಿಂತೆ ಬೇಗ ಮುಗಿಯುತ್ತದೆ. ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ 5 ಕೆಜಿ ಅಂದರೂ ನಾಲ್ಕು ಜನಕ್ಕೆ 20 ಕೆಜಿ. ದಿನಕ್ಕೆ 650 ಗ್ರಾಂ ದಾಟುತ್ತದೆ. ಇದರ ಮೇಲೆ ವಾರಕ್ಕೆ 2 ಕೆಜಿ ಜೋಳ ತಂದರೆ ದಿನಕ್ಕೆ ಸುಮಾರು 950 ಗ್ರಾಂ ಧಾನ್ಯ ಆಯಿತು. ಸಾಕು. ಗಾರೆ ಕೆಲಸ, ಹೊಲದ ಕೆಲಸ ಮಾಡುವವರಿದ್ದರೆ ಅವರಿಗೆ ಇನ್ನೊಂದು ರೊಟ್ಟಿ ಜಾಸ್ತಿ ಬೇಕಾಗುತ್ತದೆ. ರಾಜ್ಯದ ಅನ್ನಭಾಗ್ಯದಿಂದ ಬರುವುದು, ಕೆಲವು ತಿಂಗಳು ರೇಷನ್ನಿನಲ್ಲೇ ಬರುವ ಜೋಳ ಇದಕ್ಕೆ ಸೇರಿಕೊಳ್ಳುತ್ತದೆ. ಮೂರು ಹೊತ್ತೂ ಅನ್ನ ಬೇಡ. ಮಧ್ಯಾಹ್ನ ರೊಟ್ಟಿ, ರಾತ್ರಿ ಅನ್ನ ಇರಲಿ. ಚಳಿಗಾಲದಲ್ಲಿ ಕುಷ್ಟಗಿ, ಯಲಬುರ್ಗಾ ಕಡೆಯ ಸಜ್ಜೆ ಸಿಕ್ಕರೆ ಬಿಡಬೇಡಿ. ಅಕ್ಕಿಗೆ ಹೋಲಿಸಿದರೆ ಸಜ್ಜೆಯಲ್ಲಿ ಕಬ್ಬಿಣಾಂಶ ಎಷ್ಟೋ ಪಟ್ಟು ಜಾಸ್ತಿ.

ರೇಷನ್ ಅಕ್ಕಿಯಲ್ಲಿ ಬಣ್ಣ ಸ್ವಲ್ಪ ಬೇರೆ ಇರುವ, ನೀರಿನಲ್ಲಿ ತೇಲುವ ಕಾಳು ಕಂಡರೆ ‘ಪ್ಲಾಸ್ಟಿಕ್ ಅಕ್ಕಿ’ ಅಂತ ಆರಿಸಿ ಎಸೆಯುವವರು ಇದ್ದಾರೆ. ಅದು ಪ್ಲಾಸ್ಟಿಕ್ ಅಲ್ಲ. ಕಬ್ಬಿಣಾಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ತಯಾರಿಸಿದ ಸಾರವರ್ಧಿತ ಕಾಳು. ದಯವಿಟ್ಟು ಎಸೆಯಬೇಡಿ. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆಯುವುದು, ಗಂಜಿ ಬಸಿದು ಚೆಲ್ಲುವುದು ಕೂಡ ಬೇಡ.

ಈಗ ಮುಖ್ಯ ವಿಷಯ, ಕಾಳು. ನಮ್ಮ ಸಂತೆಗಳಲ್ಲಿ ದರ ವಾರವಾರಕ್ಕೆ ಬದಲಾಗುತ್ತದೆ, ಹಾಗಾಗಿ ಇಲ್ಲಿನ ದರಗಳೆಲ್ಲ ಅಂದಾಜು. ನಿಮ್ಮ ಊರಿನ ದರ ಹಾಕಿ ನೋಡಿಕೊಳ್ಳಿ. ಹುರುಳಿ ಕೆಜಿಗೆ 80 ರೂಪಾಯಿ ಇದ್ದರೆ 10 ರೂಪಾಯಿಗೆ ಸಿಗುವ ಹುರುಳಿಯಲ್ಲಿ ಸುಮಾರು 27 ಗ್ರಾಂ ಪ್ರೋಟೀನ್ ಇರುತ್ತದೆ. 120ರ ತೊಗರಿಬೇಳೆಯಲ್ಲಿ, 140ರ ಶೇಂಗಾದಲ್ಲಿ ಅದೇ 10 ರೂಪಾಯಿಗೆ ಸುಮಾರು 18 ಗ್ರಾಂ. ಮೊಟ್ಟೆಯಲ್ಲಿ 9 ಗ್ರಾಂ. ಹಾಲಿನಲ್ಲಿ 6ರಿಂದ 7 ಗ್ರಾಂ, ಅದರ ಜೊತೆಗೆ ಕ್ಯಾಲ್ಸಿಯಂ. 10 ರೂಪಾಯಿಯ ಬಿಸ್ಕೆಟಿನಲ್ಲಿ ಸಿಗುವುದು ಹೆಚ್ಚಾಗಿ ಮೈದಾ, ಸಕ್ಕರೆ, ಎಣ್ಣೆ. ಹುರುಳಿ ಬಡವರ ಕಾಳು ಅಂತ ನಾಚಿಕೆಪಟ್ಟು ತರದೇ ಇರುವವರನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಇಷ್ಟು ಅಗ್ಗಕ್ಕೆ ಇಷ್ಟು ಸತ್ವ ಕೊಡುವ ಕಾಳು ನಮ್ಮ ಕಡೆ ಮತ್ತೊಂದಿಲ್ಲ.

ಹಾಗಾದರೆ ವಾರದ 930 ರೂಪಾಯಿ ಹೇಗೆ ಹಂಚುವುದು? ಕಾಳು-ಬೇಳೆ ಒಂದೂವರೆ ಕೆಜಿ: ತೊಗರಿಬೇಳೆ ಅರ್ಧ ಕೆಜಿ, ಹೆಸರು, ಮಡಿಕೆ, ಹುರುಳಿ, ಕಡಲೆ ತಲಾ ಕಾಲು ಕೆಜಿ, ಎಲ್ಲ ಸೇರಿ 180. ಶೇಂಗಾ ಅರ್ಧ ಕೆಜಿಗೆ 70. ಸೊಪ್ಪು-ತರಕಾರಿಗೆ 180, ಇದರಲ್ಲಿ ಐದಾರು ಕೆಜಿ ಬರುವಂತೆ ನೋಡಿಕೊಳ್ಳಬೇಕು. ದಿನಕ್ಕೆ ಅರ್ಧ ಲೀಟರ್ ಹಾಲಿಗೆ 170. ಮೊಟ್ಟೆ ಹತ್ತಕ್ಕೆ 70. ಜೋಳ 80. ಎಣ್ಣೆ ಅರ್ಧ ಲೀಟರಿಗಿಂತ ಸ್ವಲ್ಪ ಮೇಲೆ, 95. ಇಷ್ಟಕ್ಕೆ 845 ಆಯಿತು. ಉಳಿದ 85ರಲ್ಲಿ ಉಪ್ಪು, ಖಾರ, ಅರಿಶಿನ, ಚಹಾಪುಡಿ, ಸಕ್ಕರೆ. ಬಿಗಿಯಾಗಿದೆ, ಗೊತ್ತು. ಸಂಜೆಯ ಮಿರ್ಚಿ-ಮಂಡಕ್ಕಿ ಇದರಲ್ಲಿ ದಿನಾ ಹಿಡಿಸುವುದಿಲ್ಲ. ಪೂರ್ತಿ ಬಿಡಿ ಅಂತಲೂ ಹೇಳಲಾರೆ, ನಮ್ಮ ಕಡೆ ಅದಿಲ್ಲದೆ ಸಂಜೆಯಾಗುವುದಿಲ್ಲ. ವಾರಕ್ಕೊಂದು ದಿನ ಅಂತ ಲೆಕ್ಕದಲ್ಲೇ ಬರೆದುಕೊಳ್ಳಿ, ಆ ದಿನ ಒಂದು ಪಾವು ತರಕಾರಿ ಕಡಿಮೆ ತನ್ನಿ.

ಇನ್ನು ವಾರದ ಅಡುಗೆಯ ಯೋಜನೆ. ಇಪ್ಪತ್ತೊಂದು ಊಟ ಬರೆಯಲು ಹೋಗಬೇಡಿ, ಎರಡೇ ದಿನಕ್ಕೆ ಬೇಸರ ಬರುತ್ತದೆ. ಒಂದು ಹಾಳೆಯಲ್ಲಿ ಏಳು ದಿನಕ್ಕೆ ಏಳು ಕಾಳು ಅಥವಾ ಬೇಳೆ, ಏಳು ಸೊಪ್ಪು ಅಥವಾ ತರಕಾರಿ ಬರೆಯಿರಿ. ರೊಟ್ಟಿ, ಅನ್ನ ಹೇಗೂ ಇದ್ದೇ ಇರುತ್ತದೆ. ಸಂತೆಗೆ ಹೋಗುವ ಮುಂಚೆ ಡಬ್ಬಿಗಳನ್ನು ತೆಗೆದು ನೋಡಿ, ಇರುವುದನ್ನು ಮೊದಲು ಹಾಳೆಗೆ ಸೇರಿಸಿ. ಆಮೇಲೆ ಕೊಳ್ಳುವುದು.

ಫ್ರಿಜ್ ಇಲ್ಲದ ಮನೆಗೆ, ಅದರಲ್ಲೂ ರಾಯಚೂರು-ಬಳ್ಳಾರಿಯ ಬಿಸಿಲಿಗೆ, ಯಾವುದು ಮೊದಲು ಬಾಡುತ್ತದೋ ಅದನ್ನು ಮೊದಲು ತಿನ್ನುವ ಲೆಕ್ಕ ಬಹಳ ಮುಖ್ಯ. ಸಂತೆಯ ದಿನ ಮತ್ತು ಮರುದಿನ ಮೆಂತ್ಯೆ, ರಾಜಗಿರಿ, ಪಾಲಕ್. ಮೆಂತ್ಯೆಯ ಒಂದಷ್ಟು ಎಳೆ ಎಲೆಯನ್ನು ಹಸಿಯಾಗಿಯೇ ಉಳ್ಳಾಗಡ್ಡಿ, ಸೌತೆಕಾಯಿ, ಶೇಂಗಾ ಪುಡಿ ಜೊತೆ ಪಚಡಿ ಮಾಡಿ. ಮೂರನೇ ದಿನಕ್ಕೆ ಪುಂಡಿ ಪಲ್ಯ. ಪುಂಡಿಸೊಪ್ಪಿಗೆ ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚು, ಬೆಳ್ಳುಳ್ಳಿ ಹಾಕಿ ಬೇಯಿಸಿದರೆ ಮರುದಿನಕ್ಕೂ ಬರುತ್ತದೆ, ರುಚಿಯೂ ಕೂಡಿರುತ್ತದೆ. ವಾರದ ನಡುವೆ ಬದನೆ, ಬೆಂಡೆ, ಹೀರೆ, ಚವಳಿಕಾಯಿ. ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿ ಇಟ್ಟರೆ ಅಲ್ಲಿಯವರೆಗೆ ತಡೆಯುತ್ತವೆ. ವಾರದ ಕೊನೆಗೆ ಕುಂಬಳಕಾಯಿ, ಗಜ್ಜರಿ, ಉಳ್ಳಾಗಡ್ಡಿ. ತರಕಾರಿ ಪೂರ್ತಿ ಮುಗಿದ ದಿನ ಕಡಲೆಹಿಟ್ಟಿನ ಜುನಕ, ಇಲ್ಲವೇ ಮೊಟ್ಟೆ ಪಲ್ಯ. ಮನೆ ಹತ್ತಿರ ನುಗ್ಗೆ ಮರ ಇದ್ದರೆ ವಾರದ ಯಾವ ದಿನವೂ ಸೊಪ್ಪಿಗೆ ಬರವಿಲ್ಲ. ಹೊಲದ ಬದುವಿನ ಹಕ್ಕರಕಿ, ಗೋಣಿಸೊಪ್ಪು ಕೂಡ ಒಳ್ಳೆಯವು. ಆದರೆ ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಔಷಧಿ ಹೊಡೆದಿರುತ್ತಾರೆ, ಅಲ್ಲಿಂದ ಮಾತ್ರ ತರಬೇಡಿ.

ಕಾಳನ್ನು ಒಮ್ಮೆ ಬೇಯಿಸಿ ಎರಡು ಅಡುಗೆ ತೆಗೆಯಿರಿ. ರಾತ್ರಿ ಹುರುಳಿ ನೆನೆಸಿ, ಮರುದಿನ ಕುಕ್ಕರಿನಲ್ಲಿ ನೀರು ಜಾಸ್ತಿ ಹಾಕಿ ಬೇಯಿಸಿ. ಕಟ್ಟು ಬಸಿದರೆ ರಾತ್ರಿಯ ಅನ್ನಕ್ಕೆ ಕಟ್ಟಿನ ಸಾರು, ಕಾಳು ಮಧ್ಯಾಹ್ನದ ರೊಟ್ಟಿಗೆ ಪಲ್ಯ. ಗ್ಯಾಸ್ ಖರ್ಚೂ ಅರ್ಧ. ಮಡಿಕೆ, ಹೆಸರು ನೆನೆಸಿ ಬಟ್ಟೆಯಲ್ಲಿ ಕಟ್ಟಿಟ್ಟರೆ ನಮ್ಮ ಸೆಕೆಗೆ ಒಂದೇ ದಿನದಲ್ಲಿ ಮೊಳಕೆ ಬರುತ್ತದೆ. ಮೊಳಕೆಯಿಂದ ವಿಟಮಿನ್ ಸಿ ಹೆಚ್ಚುತ್ತದೆ, ಕಾಳಿನ ಕಬ್ಬಿಣಾಂಶ ಮೈಗೆ ಹತ್ತುವುದೂ ಸುಲಭವಾಗುತ್ತದೆ. ರೊಟ್ಟಿಯ ವಿಷಯದಲ್ಲೂ ಹಾಗೆಯೇ. ವಾರಕ್ಕೆ ಎರಡು ಸಲ ಕೂತು ಖಡಕ್ ರೊಟ್ಟಿ ಮಾಡಿಟ್ಟರೆ ಸೌದೆ, ಸಮಯ ಎರಡೂ ಉಳಿಯುತ್ತವೆ. ಕೊಪ್ಪಳದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಗವಿಮಠದ ಜಾತ್ರೆಯ ದಾಸೋಹಕ್ಕೆ ಹಳ್ಳಿಹಳ್ಳಿಯಿಂದ ರೊಟ್ಟಿ ಬರುವುದೇ ಅದು ಕೆಡುವುದಿಲ್ಲ ಅನ್ನುವ ನಂಬಿಕೆಯಿಂದ. ಜೊತೆಗೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಅಥವಾ ಅಗಸಿ ಚಟ್ನಿಪುಡಿ ಒಂದು ಡಬ್ಬಿ ಸದಾ ಇರಲಿ. ಎಣ್ಣೆ ಜಾಸ್ತಿ ಸುರಿಯದೆ ಊಟಕ್ಕೆ ರುಚಿ ಬರುತ್ತದೆ.

ಮಕ್ಕಳ ಪಾಲನ್ನು ಲೆಕ್ಕ ಹಾಕುವಾಗ ಶಾಲೆಯನ್ನು ಮರೆಯಬೇಡಿ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಇದೆ, ಕ್ಷೀರಭಾಗ್ಯದ ಹಾಲು ಇದೆ. ಮಕ್ಕಳಿಗೆ ಮೊಟ್ಟೆ ಕೊಡುವುದು 2021ರ ಡಿಸೆಂಬರಿನಲ್ಲಿ ಶುರುವಾಗಿದ್ದೇ ನಮ್ಮ ಈ ಭಾಗದ ಜಿಲ್ಲೆಗಳಿಂದ. 2024ರಲ್ಲಿ ಅದನ್ನು ವಾರಕ್ಕೆ ಆರು ದಿನಕ್ಕೆ ಏರಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. ಹಾಗಾಗಿ ಶಾಲೆ ಇರುವ ದಿನ ಮನೆಯ ಮೊಟ್ಟೆ ನಿಮ್ಮಿಬ್ಬರಿಗೆ. ಮಕ್ಕಳಿಗೇ ತೆಗೆದಿಟ್ಟು ನೀವು ಬಿಡುವುದು ಬೇಡ. ಏಪ್ರಿಲ್-ಮೇ ರಜೆಯಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಆ ಎರಡು ತಿಂಗಳಿಗೆ ಮೊಟ್ಟೆ, ಹಾಲಿಗೆ ಹೆಚ್ಚಿನ ದುಡ್ಡು ಬೇಕಾಗುತ್ತದೆ ಅಂತ ಜನವರಿಯಿಂದಲೇ ತಯಾರಿ ಇರಲಿ. ಮನೆಯಲ್ಲಿ ಗರ್ಭಿಣಿ ಅಥವಾ ಬಾಣಂತಿ ಇದ್ದರೆ ಅಂಗನವಾಡಿಯಲ್ಲಿ ಮಾತೃಪೂರ್ಣದ ಬಿಸಿಯೂಟ ಸಿಗುತ್ತದೆ. ಸಂಕೋಚಪಡದೆ ಹೋಗಿ.

ನಿಮ್ಮ ಸುಸ್ತಿನ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. ತೀರಾ ಕಡಿಮೆ ಇದ್ದರೆ ಊಟ ಒಂದರಿಂದಲೇ ಸರಿಹೋಗುವುದಿಲ್ಲ, ಮಾತ್ರೆ ಬೇಕು. ಊಟದಲ್ಲಿ ಮಾಡಬಹುದಾದದ್ದು ಎರಡು. ಕಾಳು-ಸೊಪ್ಪಿನ ಮೇಲೆ ಅರ್ಧ ಹೋಳು ನಿಂಬೆ ಹಿಂಡಿ, ಇಲ್ಲವೇ ಪೇರಲ ಹಣ್ಣು ತಿನ್ನಿ. ಊಟವಾದ ತಕ್ಷಣ ಚಹಾ ಕುಡಿಯಬೇಡಿ, ತಿಂದ ಕಬ್ಬಿಣಾಂಶವನ್ನು ಅದು ಮೈಗೆ ಹತ್ತಲು ಬಿಡುವುದಿಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ. ಅಂದ ಹಾಗೆ, ಇಬ್ಬರು ದಿನಕ್ಕೆ ಮೂರು ಸಲ ಎರಡೆರಡು ಚಮಚ ಸಕ್ಕರೆಯ ಚಹಾ ಕುಡಿದರೆ ತಿಂಗಳಿಗೆ ಸುಮಾರು 1.8 ಕೆಜಿ ಸಕ್ಕರೆ. ಒಂದು ಚಮಚಕ್ಕೆ ಇಳಿಸಿದರೆ ಉಳಿಯುವ ದುಡ್ಡಿಗೆ ಅರ್ಧ ಕೆಜಿ ಹುರುಳಿ ಬರುತ್ತದೆ.

ಮತ್ತೆ, ಎಲ್ಲರಿಗೂ ಬಡಿಸಿ ಕೊನೆಗೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ತಿನ್ನುವ ರೂಢಿ ನಿಮ್ಮ ಮನೆಯಲ್ಲೂ ಇದೆ ಅಲ್ವಾ? ಯಾವ ಯೋಜನೆಯೂ ಅಲ್ಲಿಗೆ ಬಂದು ಸೋಲುತ್ತದೆ. ಕಾಳು ಪಲ್ಯ ಆದ ಕೂಡಲೇ ನಿಮ್ಮ ಬಟ್ಟಲನ್ನು ಮೊದಲು ತುಂಬಿ ಮುಚ್ಚಿಡಿ. ಮನೆಯವರಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಯಾವುದೋ ವಾರ ಕೂಲಿ ತಪ್ಪಿ 700 ರೂಪಾಯಿಯೇ ಕೈಗೆ ಬಂತು ಅಂದುಕೊಳ್ಳಿ. ಮೊದಲು ಸಕ್ಕರೆ, ಚಹಾ ಇಳಿಸಿ. ಆಮೇಲೆ ಎಣ್ಣೆ. ಆಮೇಲೆ ಹಾಲು ಕಾಲು ಲೀಟರಿಗೆ ಇಳಿಸಿ, ಅದನ್ನೂ ಹೆಪ್ಪು ಹಾಕಿ ಮಜ್ಜಿಗೆ ಮಾಡಿದರೆ ಎಲ್ಲರಿಗೂ ಒಂದೊಂದು ಲೋಟ ಬರುತ್ತದೆ, ಜೋಳದ ನುಚ್ಚಿಗೂ ಆಗುತ್ತದೆ. ದುಬಾರಿ ತರಕಾರಿ ಬಿಟ್ಟು ಸೊಪ್ಪು ಉಳಿಸಿಕೊಳ್ಳಿ. ತೊಗರಿಬೇಳೆಯ ಜಾಗಕ್ಕೆ ಹುರುಳಿ ಬರಲಿ. ಕಾಳಿನ ಒಟ್ಟು ತೂಕ ಮಾತ್ರ ಕಡಿಮೆ ಮಾಡಬೇಡಿ.

ವರ್ಷದ ಲೆಕ್ಕದಲ್ಲಿ ದೊಡ್ಡ ಉಳಿತಾಯ ಸುಗ್ಗಿಯಲ್ಲಿದೆ. ಹೊಸ ತೊಗರಿ ಬರುವುದು ಡಿಸೆಂಬರ್-ಜನವರಿಯಲ್ಲಿ, ಹಿಂಗಾರಿ ಜೋಳ ಫೆಬ್ರುವರಿ-ಮಾರ್ಚಿನಲ್ಲಿ. ವಾರಕ್ಕೆ 2 ಕೆಜಿ ಅಂದರೆ ನಿಮ್ಮ ಮನೆಗೆ ವರ್ಷಕ್ಕೆ ಒಂದು ಕ್ವಿಂಟಲ್ ಜೋಳ ಬೇಕು. ಅಷ್ಟೂ ಒಮ್ಮೆಗೇ ತೆಗೆಯಲು ಆಗದಿದ್ದರೆ ನಿಮ್ಮ ಸ್ವಸಹಾಯ ಸಂಘದ ನಾಲ್ಕು ಮನೆ ಸೇರಿ ರೈತರ ಹತ್ತಿರವೇ ಒಂದೆರಡು ಚೀಲ ತೆಗೆದು ಹಂಚಿಕೊಳ್ಳಿ. ಚೆನ್ನಾಗಿ ಬಿಸಿಲಿಗೆ ಒಣಗಿಸಿ, ಒಣ ಬೇವಿನ ಎಲೆ ಬೆರೆಸಿ, ಮುಚ್ಚಳ ಗಟ್ಟಿ ಇರುವ ಡಬ್ಬಿಗೆ ತುಂಬಿಡಿ. ಮಳೆಗಾಲ ಶುರುವಾಗುವ ಮುಂಚೆ ಇನ್ನೊಮ್ಮೆ ಬಿಸಿಲು ತೋರಿಸಿದರೆ ಹುಳ ಬೀಳುವುದು ಕಡಿಮೆ.