ಮೊದಲು ನಕಲು, ಅರ್ಥ ಆಮೇಲೆ

ಹಳೆಯ ಫ್ಲಾಪಿ ಓದಲು ಹೊರಟವರು ಮೊದಲು ಕೊಳ್ಳುವುದು ಯುಎಸ್‌ಬಿ ಫ್ಲಾಪಿ ಡ್ರೈವನ್ನು. ಐಬಿಎಂ ಪಿಸಿಯ ಕುಲಕ್ಕೆ ಸೇರಿದ ಮೂರೂವರೆ ಇಂಚಿನ ಫ್ಲಾಪಿಯಾದರೆ ಅದು ಸಾಕು. ಅಮಿಗಾ ಎಂಬ ಹಳೆಯ ಕಂಪ್ಯೂಟರಿನ ಫ್ಲಾಪಿ ಹಾಕಿದರೆ ಮಾತ್ರ ವಿಂಡೋಸ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳುತ್ತದೆ. ಹೂಂ ಎಂದರೆ ಇದ್ದದ್ದೂ ಹೋಯಿತು.

ಫ್ಲಾಪಿ ಒಂದೇ, ಬರವಣಿಗೆ ಬೇರೆ. 1978ರಲ್ಲಿ ಆಪಲ್ 2 ಕಂಪ್ಯೂಟರಿಗೆ ಡ್ರೈವ್ ರೂಪಿಸಿದ ಸ್ಟೀವ್ ವೋಜ್ನಿಯಾಕ್, ಹಲವು ಚಿಪ್ಪುಗಳನ್ನು ಕೈಬಿಟ್ಟು ಅವುಗಳ ಕೆಲಸವನ್ನು ಸಾಫ್ಟ್‌ವೇರಿಗೆ ವಹಿಸಿದರು. ಡ್ರೈವ್ ಅಗ್ಗವಾಯಿತು, ಅದು ಬರೆದದ್ದು ಬೇರೆ ಯಂತ್ರಗಳಿಗೆ ಕಗ್ಗವಾಯಿತು. ಪಿಸಿ 720 ಕಿಲೋಬೈಟ್ ತುಂಬುತ್ತಿದ್ದ ಫ್ಲಾಪಿಯಲ್ಲೇ ಕಮೊಡೋರ್ ಕಂಪನಿಯ ಅಮಿಗಾ 880 ತುಂಬಿತು. ಆರಂಭದ ಮ್ಯಾಕಿಂತಾಷ್ ಡ್ರೈವಂತೂ ಒಳಸುತ್ತಿಗೊಂದು, ಹೊರಸುತ್ತಿಗೊಂದು ವೇಗದಲ್ಲಿ ತಿರುಗುತ್ತಿತ್ತು. ಎಲ್ಲವೂ ಅಂದಿನ ಜಾಣತನವೇ. ಅದರ ಸಾಲ ತೀರಿಸುತ್ತಿರುವವರು ನಾವು.

ಹಳೆಯ ಯಂತ್ರ ಇನ್ನೂ ಉಸಿರಾಡುತ್ತಿದ್ದರೆ ಅದರಿಂದಲೇ ಓದಿಸಿ, ಸೀರಿಯಲ್ ಕೇಬಲ್ ಮೂಲಕ ಹೊಸದಕ್ಕೆ ಸಾಗಿಸಬಹುದು. ಆಪಲ್ 2ರಲ್ಲಿ ಟೇಪ್ ರೆಕಾರ್ಡರಿಗೆಂದು ಬಿಟ್ಟಿದ್ದ ಕಿಂಡಿಯಿಂದ ಫ್ಲಾಪಿಯನ್ನು ಸದ್ದಾಗಿಸಿ ಹೊರಗೆಳೆಯುವವರೂ ಇದ್ದಾರೆ!

ಯಂತ್ರವೇ ಸತ್ತಿದ್ದರೆ? ಫ್ಲಾಪಿ ಡ್ರೈವಿಗೂ ಇಂದಿನ ಕಂಪ್ಯೂಟರಿಗೂ ನಡುವೆ ಕೂರುವ ಕ್ರಯೋಫ್ಲಕ್ಸ್, ಗ್ರೀಸ್‌ವೀಜಲ್‌ನಂತಹ ಸಣ್ಣ ಸರ್ಕ್ಯೂಟ್ ಹಲಗೆಗಳು ಇಲ್ಲಿ ದಾರಿಯನ್ನೇ ಬದಲಿಸಿದವು. ಇವು ಫೈಲುಗಳ ಗೊಡವೆಗೆ ಹೋಗುವುದಿಲ್ಲ. ನಿಮಿಷಕ್ಕೆ 300 ಸುತ್ತು ತಿರುಗುವ ಫ್ಲಾಪಿಯಲ್ಲಿ ಕಾಂತೀಯ ದಿಕ್ಕು ಎಲ್ಲೆಲ್ಲಿ ಮಗುಚಿದೆ, ಎರಡು ಮಗುಚುಗಳ ನಡುವೆ ಎಷ್ಟು ಮೈಕ್ರೋಸೆಕೆಂಡ್ ಕಳೆಯಿತು ಎಂಬುದಷ್ಟನ್ನೇ ದಾಖಲಿಸುತ್ತವೆ. ಅದು ಆಪಲ್ ಬರವಣಿಗೆಯೋ ಅಮಿಗಾದ್ದೋ ಎಂಬ ಬಿಡಿಸಾಟ ಆಮೇಲೆ, ಸಾವಕಾಶವಾಗಿ. ಲಿಪಿ ಗೊತ್ತಿಲ್ಲದ ಶಾಸನದ ಅಚ್ಚು ತೆಗೆದುಕೊಂಡು ಬಂದಂತೆ.

1985ರಲ್ಲಿ ಕಲಾವಿದ ಆಂಡಿ ವಾರ್ಹಾಲ್ ಅಮಿಗಾದಲ್ಲಿ ಬಿಡಿಸಿದ್ದ ಚಿತ್ರಗಳು 2014ರಲ್ಲಿ ಹೊರಬಂದದ್ದು ಹೀಗೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಪಿಟ್ಸ್‌ಬರ್ಗ್‌ನ ವಾರ್ಹಾಲ್ ಸಂಗ್ರಹಾಲಯದ ಫ್ಲಾಪಿಗಳನ್ನು ಕ್ರಯೋಫ್ಲಕ್ಸ್‌ನಿಂದ ನಕಲಿಸಿದರು. ಫೈಲೇನೋ ಸಿಕ್ಕಿತು, ಚಿತ್ರ ತೆರೆಯಲಿಲ್ಲ; ಅದು ಯಾರಿಗೂ ಪರಿಚಯವಿಲ್ಲದ ಫೈಲ್ ಮಾದರಿ. ಅದನ್ನೂ ಬಿಡಿಸಬೇಕಾಯಿತು.

ಈ ಎರಡನೆಯ ಬೀಗ ಕನ್ನಡದವರಿಗೆ ಹೊಸದಲ್ಲ. 1990ರ ದಶಕದ ಡಿಟಿಪಿ ಅಂಗಡಿಯ ಫ್ಲಾಪಿಯಿಂದ ಕಡತ ಕ್ಷೇಮವಾಗಿ ಬಂದರೂ ಪರದೆಯ ಮೇಲೆ ಮೂಡುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಆಗಿನ ಕನ್ನಡ ಇಂದಿನಂತೆ ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯುನಿಕೋಡ್ ಸಂಕೇತವಲ್ಲ, ಆಯಾ ತಂತ್ರಾಂಶದ ಫಾಂಟಿಗೆ ಕಟ್ಟುಬಿದ್ದ ಸಂಕೇತ. ಯಾವ ಫಾಂಟ್ ಎಂದು ತಿಳಿದರೆ ಪರಿವರ್ತಕ ಹುಡುಕಬಹುದು. ಹಾಗಾಗಿ ‘ಫಾಂಟ್ಸ್’ ಎಂದು ಚೀಟಿ ಅಂಟಿಸಿದ ಫ್ಲಾಪಿ ಅದೇ ಡಬ್ಬಿಯಲ್ಲಿದ್ದರೆ, ಮೊದಲು ಅದನ್ನು ನಕಲಿಸಿಕೊಳ್ಳಿ.